ಲ್ಯಾಪ್‌ಟಾಪಿನ ಹೊಸ್ತಿಲಲ್ಲಿ ನಾನಿಟ್ಟ ಚಿತ್ರ

ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಲ್ಯಾಪ್‌ಟಾಪ್ ದುರಸ್ತಿ ಅಂಗಡಿ ಇದೆ. ಅಲ್ಲಿಗೆ ಬರುವವರಿಗೆ ಎರಡು ವಿಷಯ ಮೊದಲೇ ಗೊತ್ತಿರುತ್ತವೆ: ಕೆಲಸ ಪಕ್ಕಾ, ಬಾಯಿ ಕೆಟ್ಟದ್ದು. ಲ್ಯಾಪ್‌ಟಾಪಿನ ಮೇಲೆ ಚಹಾ ಚೆಲ್ಲಿಕೊಂಡು ಬಂದು "ತಾನ ಬಂದ್ ಆತ್ರಿ" ಎನ್ನುವವರನ್ನು ಕಂಡರೆ ನನಗೆ ಅಡಿಯಿಂದ ಮುಡಿಯವರೆಗೆ ಉರಿಯುತ್ತದೆ. "ತಾನ ಹೆಂಗ ಬಂದ್ ಆಗತೈತ್ರಿ? ಅದಕ್ಕೇನ್ ಸಿಟ್ಟು ಬಂದಿತ್ತೇನು?" ಎಂದು ನಾಲ್ಕು ಜನರೆದುರೇ ಕೇಳಿಬಿಡುತ್ತೇನೆ. ಗೋಡೆಗೆ ಒಂದು ಹಲಗೆಯನ್ನೂ ಬರೆಸಿ ಹಾಕಿದ್ದೆ: 'ಸಿಕ್ಕಿದ್ದೆಲ್ಲ ಒತ್ತಬೇಡಿ.' ತಪ್ಪು ಯಾವಾಗಲೂ ಗಿರಾಕಿಯದೇ ಎಂದು ಮನಸಾರೆ ನಂಬಿದ್ದೆ. ಈಗ ಆ ಹಲಗೆ ಅಲ್ಲಿಲ್ಲ. ಯಾಕೆ ತೆಗೆದೆ ಎಂದು ಬರೆಯುವುದಕ್ಕೇ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಲ್ಯಾಪ್‌ಟಾಪಿನ ಗುಂಡಿ ಒತ್ತಿದ ಕೂಡಲೇ ವಿಂಡೋಸ್ ಏಳುವುದಿಲ್ಲ. ಅದಕ್ಕೂ ಮೊದಲು ಮದರ್‌ಬೋರ್ಡಿನ ಮೇಲಿರುವ ಎಂಟು ಕಾಲಿನ ಒಂದು ಪುಟ್ಟ ಚಿಪ್‌ನಲ್ಲಿರುವ ಪ್ರೋಗ್ರಾಂ ಏಳುತ್ತದೆ. ನಮ್ಮ ಕಸುಬಿನಲ್ಲಿ ಅದನ್ನು ಬಯಾಸ್ ಅನ್ನುತ್ತೇವೆ. ಮೆಮೊರಿ ಸರಿ ಇದೆಯೇ, ಡಿಸ್ಕ್ ಸರಿ ಇದೆಯೇ ಎಂದು ನೋಡಿಕೊಂಡು ಆಮೇಲೆ ಅದು ವಿಂಡೋಸನ್ನು ಎಬ್ಬಿಸುತ್ತದೆ. ಆ ಮೂರ್ನಾಲ್ಕು ಕ್ಷಣ ಪರದೆಯ ಮೇಲೆ ಕಂಪನಿಯ ಗುರುತು ಕಾಣುತ್ತದಲ್ಲ, ಆ ಚಿತ್ರ ಇರುವುದೂ ಅದೇ ಚಿಪ್‌ನಲ್ಲಿ.

ನಮ್ಮ ಕಡೆ ಹೊಸ ಲ್ಯಾಪ್‌ಟಾಪ್ ತಂದರೆ ಅರಿಷಿಣ ಕುಂಕುಮ ಹಚ್ಚಿ, ಲಿಂಬೆಹಣ್ಣು ಇಟ್ಟು, ಊದಿನಕಡ್ಡಿ ಬೆಳಗಿಯೇ ಚಾಲೂ ಮಾಡುವುದು. ಇಷ್ಟೆಲ್ಲ ಪೂಜೆ ಆದಮೇಲೆ ಮೊದಲು ಕಾಣುವುದು ಯಾವುದೋ ಕಂಪನಿಯ ಹೆಸರು. ಒಬ್ಬ ಸೀರೆ ವ್ಯಾಪಾರಿಗೆ ಇದು ಸರಿಬರಲಿಲ್ಲ. "ಅಲ್ಲಿ ನಮ್ಮ ತುಳಸಿಗೇರಿ ಹನಮಪ್ಪನ್ನ ಕುಂಡ್ರಸಾಕ ಬರೂದಿಲ್ಲೇನ್ರಿ?" ಎಂದು ಕೇಳಿದ. ಬರುವುದಿಲ್ಲ ಎನ್ನುವ ಮಾತು ನನ್ನ ಬಾಯಿಂದ ಹೊರಟದ್ದೇ ಇಲ್ಲ. ಲ್ಯಾಪ್‌ಟಾಪ್ ಬಿಚ್ಚಿ, ಚಿಪ್‌ಗೆ ಕ್ಲಿಪ್ ಕಚ್ಚಿಸಿ, ಒಳಗಿನದನ್ನು ಓದಿ, ಕಂಪನಿಯ ಚಿತ್ರ ತೆಗೆದು ಹನಮಪ್ಪನನ್ನು ಕೂರಿಸಿ ಮತ್ತೆ ಬರೆದೆ. ಗುಂಡಿ ಒತ್ತಿದ ಕೂಡಲೇ ಗದೆ ಹಿಡಿದ ಹನಮಪ್ಪ. ವ್ಯಾಪಾರಿ ಅಂಗಡಿಯಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದ.

ಸುದ್ದಿ ಹಬ್ಬಿತು. ಇಳಕಲ್ಲು, ಹುನಗುಂದ, ಬಾಗಲಕೋಟೆಯಿಂದೆಲ್ಲ ಬರತೊಡಗಿದರು. ಒಬ್ಬರಿಗೆ ಬಸವಣ್ಣ, ಒಬ್ಬರಿಗೆ ಬನಶಂಕರಿ. ಚಿತ್ರವನ್ನು ಬಯಾಸ್ ಒಪ್ಪುವ ಅಳತೆಗೆ ತರುವುದು ತಲೆನೋವಿನ ಕೆಲಸ. ದುರಸ್ತಿಯವರದೇ ಒಂದು ಮೊಬೈಲ್ ಗುಂಪಿತ್ತು. ಅದರಲ್ಲಿ ಮುಖ ಕಾಣದ ಯಾವನೋ ಒಬ್ಬ, ಅಳತೆಗೆ ತಂದು ಸಿದ್ಧ ಮಾಡಿದ ದೇವರ ಚಿತ್ರಗಳ ದೊಡ್ಡದೊಂದು ಕಟ್ಟನ್ನೇ ಪುಕ್ಕಟೆ ಹಂಚಿದ. ಅದರಲ್ಲಿ ನಮ್ಮ ಬನಶಂಕರಿಯೂ ಇದ್ದಳು! ಮೊದಲನೆಯ ಸೀರೆ ವ್ಯಾಪಾರಿಗೂ ನಾನು ಮಾಡಿದ್ದನ್ನು ತೆಗೆದು, ಅದಕ್ಕಿಂತ ಚೆಂದವಿದ್ದ ಆ ಕಟ್ಟಿನ ಹನಮಪ್ಪನನ್ನೇ ಹಾಕಿಕೊಟ್ಟೆ. ಇಷ್ಟು ಶ್ರಮಪಟ್ಟು ಪುಕ್ಕಟೆ ಯಾಕೆ ಕೊಟ್ಟ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಇನ್ನೂ ಒಂದು ಕೆಲಸ ಮಾಡುತ್ತಿದ್ದೆ. ಕಂಪನಿಯವರು ಬಯಾಸ್‌ಗೆ ಅಪ್‌ಡೇಟ್ ಕಳಿಸಿದರೆ ನಮ್ಮ ಚಿತ್ರ ಅಳಿಸಿಹೋಗಿ ಅವರದೇ ಬಂದು ಕೂರುತ್ತದೆ. "ದೇವರ ಹೋದ್ರಿ" ಎಂದು ಗಿರಾಕಿ ತಿರುಗಿ ಬಂದರೆ ನನ್ನ ಮರ್ಯಾದೆ ಏನಾಗಬೇಕು? ಹಾಗಾಗಿ ಅಪ್‌ಡೇಟ್ ಬರದಂತೆ ಎಲ್ಲದರಲ್ಲೂ ಬಂದ್ ಮಾಡಿಡುತ್ತಿದ್ದೆ.

ಅಂಥ ದಿನಗಳಲ್ಲೇ ನಮ್ಮ ಅಕ್ಕೋರು ಬಂದರು. ಶಾಲೆಯ ಟೀಚರನ್ನು ನಾವು ಅಕ್ಕೋರು ಅನ್ನುತ್ತೇವೆ. ಇವರು ಹುನಗುಂದದಲ್ಲಿ ನನಗೆ ಗಣಿತ ಕಲಿಸಿದವರು. ಒಂದು ಶಿಕ್ಷಣ ಸಂಸ್ಥೆಯ ಶಾಲೆ ಅದು, ಅದೇ ಸಂಸ್ಥೆಗೆ ಜಿಲ್ಲೆಯಲ್ಲಿ ಇನ್ನೂ ಕೆಲವು ಶಾಲೆಗಳಿವೆ. ಎಲ್ಲ ಶಾಲೆಗಳ ಹತ್ತನೆಯ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆ ಮಾಡುವ ಕೆಲಸ ಆ ವರ್ಷ ಅಕ್ಕೋರಿಗೆ ಬಂದಿತ್ತು. ಅದಕ್ಕಾಗಿ ಹೊಸ ಲ್ಯಾಪ್‌ಟಾಪ್ ಕೊಂಡು, ಸೀರೆಯ ಸೆರಗಿನಲ್ಲಿ ಕೂಸಿನಂತೆ ಸುತ್ತಿಕೊಂಡು ತಂದಿದ್ದರು.

"ಇದರಾಗ ಕನ್ನಡ ಟೈಪ್ ಮಾಡೂದು ಅಷ್ಟ ಹಾಕಿ ಕೊಡಪಾ ತಮ್ಮಾ. ಬ್ಯಾರೆ ಏನೂ ಬ್ಯಾಡ" ಅಂದರು.

ಅಷ್ಟನ್ನೇ ಮಾಡಿ ಕೊಟ್ಟಿದ್ದರೆ ಸಾಕಿತ್ತು. ಆದರೆ ಒಂಬತ್ತನೆಯ ತರಗತಿಯಲ್ಲಿ ಅವರಿಂದ ಬೆಂಚಿನ ಮೇಲೆ ನಿಲ್ಲಿಸಿಕೊಂಡ ಹುಡುಗ ಈಗ ಏನಾಗಿದ್ದಾನೆ ಎಂದು ತೋರಿಸಬೇಕಿತ್ತಲ್ಲ! ಅವರ ಮನೆದೇವರು ಬನಶಂಕರಿ ಎಂದು ನನಗೆ ಗೊತ್ತಿತ್ತು. ಕೇಳದೆಯೇ, ಆ ಪುಕ್ಕಟೆ ಕಟ್ಟಿನಿಂದ ದೇವಿಯ ಚಿತ್ರ ತೆಗೆದು ಹಾಕಿದೆ. ಸಂಜೆ ಅವರ ಕೈಯಿಂದಲೇ ಗುಂಡಿ ಒತ್ತಿಸಿದೆ. ಸಿಂಹದ ಮೇಲೆ ಕೂತ ತಾಯಿಯನ್ನು ಕಂಡು ಅಕ್ಕೋರ ಕಣ್ಣು ತುಂಬಿತು. "ಯವ್ವಾ, ಇಲ್ಲಿಗೂ ಬಂದೇನ?" ಅಂದರು. ದುಡ್ಡು ಮುಟ್ಟಲಿಲ್ಲ ನಾನು, ಗುರುಕಾಣಿಕೆ ಅಂದೆ. ಆ ವಾರವಿಡೀ ನೆಲದ ಮೇಲೆ ನಡೆದ ನೆನಪಿಲ್ಲ ನನಗೆ.

ಇದಾದ ಸ್ವಲ್ಪ ದಿನಕ್ಕೆ ಲ್ಯಾಪ್‌ಟಾಪ್ ಕಂಪನಿಗಳಿಂದ ಒಂದು ಎಚ್ಚರಿಕೆ ಬಂತು. ಚಾಲೂ ಆಗುವಾಗ ಕಾಣುವ ಚಿತ್ರವನ್ನು ಓದುವ ಭಾಗದಲ್ಲೇ ಒಂದು ದೋಷ ಸಿಕ್ಕಿದೆ, ಬೇಕೆಂದೇ ಕೆಡಿಸಿ ಮಾಡಿದ ಚಿತ್ರವನ್ನು ಅಲ್ಲಿಟ್ಟರೆ ಅದರೊಳಗೆ ಅಡಗಿದ ಪ್ರೋಗ್ರಾಂ ವಿಂಡೋಸ್ ಏಳುವ ಮೊದಲೇ ಓಡುತ್ತದೆ, ವೈರಸ್ ಹಿಡಿಯುವ ತಂತ್ರಾಂಶಕ್ಕೆ ಅದು ಕಾಣುವುದಿಲ್ಲ, ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ, ಕೂಡಲೇ ಅಪ್‌ಡೇಟ್ ಹಾಕಿಕೊಳ್ಳಿ ಎಂದಿತ್ತು. ಓದಿದೆ. ಎರಡು ಸಲ ಓದಿದೆ. ಎಲ್ಲ ಗಿರಾಕಿಗಳನ್ನೂ ಕರೆದು ದೇವರನ್ನು ತೆಗೆದು ಅಪ್‌ಡೇಟ್ ಹಾಕಬೇಕಿತ್ತು. ಹಾಗೆ ಮಾಡಿದರೆ, ನನಗೆ ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದ್ದೆ ಎಂದು ಒಪ್ಪಿಕೊಂಡಂತೆ. ಇಳಕಲ್ಲಿನ ಸೀರೆ ಅಂಗಡಿಯ ಲ್ಯಾಪ್‌ಟಾಪಿಗೆ ಕನ್ನ ಹಾಕಿ ಯಾರಿಗೆ ಏನು ಸಿಗುತ್ತದೆ, ಇದೆಲ್ಲ ದೊಡ್ಡೂರಿನವರ ಚಿಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸದ ಭರಾಟೆಯಲ್ಲಿ ಮರೆತೂಬಿಟ್ಟೆ. ಮರೆತೆ ಎನ್ನುವುದೂ ಸುಳ್ಳು. ಆ ಮಾತು ಬಂದಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದೆ, ಅಷ್ಟೇ.

ಎರಡು ತಿಂಗಳಾಗಿರಬಹುದು, ಅಕ್ಕೋರು ಗಾಬರಿಯಾಗಿ ಬಂದರು. ಅವರ ಮೇಲ್‌ನಿಂದ ಯಾರ್ಯಾರಿಗೋ ಏನೇನೋ ಜಾಹೀರಾತು ಹೋಗುತ್ತಿದ್ದವಂತೆ. ಅಂಗಡಿಯಲ್ಲಿ ಮೂರ್ನಾಲ್ಕು ಗಿರಾಕಿಗಳಿದ್ದರು.

"ಏನ್ ಒತ್ತಿದ್ರಿ ಅಕ್ಕೋರ?" ಅಂದೆ.

"ನಾ ಏನೂ ಒತ್ತಿಲ್ಲೋ ತಮ್ಮಾ. ಪೇಪರ್ ಟೈಪ್ ಮಾಡೂದು, ಮುಚ್ಚಿಡೂದು. ಅಷ್ಟ."

"ಎಲ್ಲಾರೂ ಹಿಂಗ ಅಂತಾರ್ರಿ. ಮತ್ತ ವೈರಸ್ ಏನ್ ಬಾಗಲಾ ಬಡದು ಬಂತೇನು?" ಎಂದು ಗೋಡೆಯ ಹಲಗೆ ತೋರಿಸಿದೆ. ಅಲ್ಲಿದ್ದವರು ನಕ್ಕರು. ಅಕ್ಕೋರೂ ನಕ್ಕರು, ತರಗತಿಯಲ್ಲಿ ಉತ್ತರ ಬಾರದ ಹುಡುಗರು ನಗುತ್ತಾರಲ್ಲ, ಹಾಗೆ. ಫಾರ್ಮ್ಯಾಟ್ ಮಾಡಿ, ಮೇಲ್‌ನ ಪಾಸ್‌ವರ್ಡ್ ಬದಲಿಸಿ ಕೊಟ್ಟೆ. ಅದು ಚಾಲೂ ಆಗುವಾಗ ಬನಶಂಕರಿ ಕಂಡಳು. ಎಚ್ಚರಿಕೆಯ ಆ ಮಾತು ಖಂಡಿತ ನೆನಪಾಯಿತು. ಬಾಯಿ ಮುಚ್ಚಿಕೊಂಡು ಬ್ಯಾಗಿಗೆ ಹಾಕಿ ಕೊಟ್ಟೆ.

ಪರೀಕ್ಷೆಯ ಹಿಂದಿನ ದಿನ ಅಕ್ಕೋರ ಮೇಲ್‌ನಿಂದ ಗಣಿತದ ಪ್ರಶ್ನೆಪತ್ರಿಕೆ ಹೊರಗೆ ಹೋಯಿತು. ಅವರ ಮೇಲ್ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಯಿತು: ಟೀಚರುಗಳಿಗೆ, ಪಾಲಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ. ನನಗೂ ಬಂತು. ಸಂಜೆಯೊಳಗೆ ಅದು ಊರಿನ ಎಲ್ಲ ಮೊಬೈಲುಗಳಲ್ಲಿತ್ತು. ಪರೀಕ್ಷೆ ನಿಂತಿತು. ಪಾಲಕರು ಶಾಲೆಯ ಗೇಟಿನೆದುರು ನಿಂತು ಕೂಗಾಡಿದರು. ಅಕ್ಕೋರು ಪೇಪರ್ ಮಾರಿಕೊಂಡಿದ್ದಾರೆ, ಸಿಕ್ಕಿಬೀಳಬಾರದೆಂದು ಎಲ್ಲರಿಗೂ ಕಳಿಸಿ ನಾಟಕ ಮಾಡಿದ್ದಾರೆ ಎಂದು ಕೆಲವರು ಆಡಿಕೊಂಡರು. ಇಪ್ಪತ್ತೈದು ವರ್ಷ ಒಂದು ಸೀಮೆಸುಣ್ಣದ ತುಂಡನ್ನೂ ಮನೆಗೊಯ್ಯದ ಹೆಂಗಸು.

ಸಂಸ್ಥೆಯವರು ಬಾಗಲಕೋಟೆಯ ನವನಗರದಲ್ಲಿರುವ ತಮ್ಮ ಕಚೇರಿಯಲ್ಲಿ ವಿಚಾರಣೆ ಇಟ್ಟರು. ಲ್ಯಾಪ್‌ಟಾಪ್ ನೋಡಿಕೊಂಡವನೆಂದು ನನ್ನನ್ನೂ ಕರೆಸಿದರು. ಹೊರಗಿನ ಬೆಂಚಿನ ಮೇಲೆ ಅಕ್ಕೋರು ಒಬ್ಬರೇ ಕೂತಿದ್ದರು, ಕೈಯಲ್ಲಿ ನೀರಿನ ಬಾಟಲಿ. ಒಳಗೆ ಕಾರ್ಯದರ್ಶಿಗಳು ನನ್ನನ್ನು ನೇರವಾಗಿಯೇ ಕೇಳಿದರು.

"ನೋಡ್ರಿ, ನಮಗ ಗೊತ್ತಾಗಬೇಕಾದ್ದು ಒಂದ. ಬೇಕಂತ ಕಳಿಸ್ಯಾರೋ, ಅಥವಾ ಗೊತ್ತಿಲ್ದ ಏನರ ಒತ್ತಿ ಹೋಗೇತೋ?"

ಮೂರನೆಯ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಸಾಹೇಬರೇ, ಆ ಯಂತ್ರದ ಬಯಾಸ್‌ಗೆ ನಾನು ಕೈ ಹಾಕಿದ್ದೇನೆ, ಮೊದಲು ಅದನ್ನು ಬಿಚ್ಚಿ ನೋಡೋಣ ಎಂದರೆ ಮುಗಿಯುತ್ತಿತ್ತು. ಅನ್ನಲಿಲ್ಲ. "ಬೇಕಂತ ಅಲ್ರಿ. ಅಜಾಗರೂಕತಿ" ಅಂದೆ. ಬರೆದು ಕೊಡಿ ಅಂದರು. ಅಂಗಡಿಯ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆದು, ಬಳಸುವವರ ಅಜಾಗರೂಕತೆಯಿಂದ ವೈರಸ್ ಸೇರಿದೆ, ಮೊದಲೂ ಒಮ್ಮೆ ಹೀಗಾಗಿತ್ತು ಎಂದು ಹೇಳಿ, ಸಹಿ ಹಾಕಿ ಶಿಕ್ಕಾ ಒತ್ತಿದೆ.

ಆ ಚೀಟಿಯಿಂದಾಗಿ ಅಕ್ಕೋರ ನೌಕರಿ ಉಳಿಯಿತು. ಆದರೆ ಹುನಗುಂದ ಬಿಡಿಸಿ, ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿದ್ದ ಸಂಸ್ಥೆಯ ಶಾಲೆಗೆ ಹಾಕಿದರು. ಹತ್ತನೆಯ ತರಗತಿ ಕೊಡಲಿಲ್ಲ, ಐದು ಆರನೆಯ ತರಗತಿಯ ಹುಡುಗಿಯರಿಗೆ ಕಲಿಸಬೇಕಿತ್ತು. ಹೊರಡುವ ಮುಂಚೆ ಅಕ್ಕೋರು ನನ್ನ ಅಂಗಡಿಗೆ ಬಂದು, "ನೀ ಬರದ ಕೊಟ್ಟಿ ಅಂತ ಉಳಕೊಂಡೆ ತಮ್ಮಾ. ಇಲ್ಲಾಂದ್ರ ಕಳ್ಳಿ ಅಂತಿದ್ರು" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಆ ಕೈ ಬಿಡಿಸಿಕೊಳ್ಳಲಿಲ್ಲ. "ಇರ್ಲಿ ಬಿಡ್ರಿ ಅಕ್ಕೋರ" ಎಂದೆ, ದೊಡ್ಡ ಮನಸ್ಸಿನವನ ಹಾಗೆ. ಥೂ.

ಬೇಸಿಗೆಯ ಕೊನೆಗೆ ಮೊದಲನೆಯ ಆ ಸೀರೆ ವ್ಯಾಪಾರಿ ಅಂಗಡಿಗೆ ಬಂದ. ಅವನ ಮೇಲ್‌ನಿಂದಲೂ ಸಿಕ್ಕಸಿಕ್ಕವರಿಗೆ ಪತ್ರ ಹೋಗುತ್ತಿದ್ದವು. ನಾನು ಎಂದಿನಂತೆ ಬಾಯಿ ತೆರೆದೆ.

"ಏನ್ ಒತ್ತಿದ್ರಿ ಸಾವ್ಕಾರ್ರ?"

"ಏನ್ ಒತ್ಲಿ ಮಾರಾಯಾ? ಒಳಗ ಏನೈತಿ ಅಂತನ ನನಗ ಗೊತ್ತಿಲ್ಲ. ಮುಂಜಾನೆದ್ದು ಚಾಲೂ ಮಾಡ್ತೇನಿ, ಹನಮಪ್ಪನ ದರ್ಶನ ತಗೋತೇನಿ, ಮುಚ್ಚತೇನಿ. ಆ ಮೇಲ್‌ನೂ ನೀವ ಮಾಡಿಕೊಟ್ಟಿದ್ದು."

ಅವನು ಲ್ಯಾಪ್‌ಟಾಪ್ ಬಿಟ್ಟು ಹೋದಮೇಲೆ ಅರ್ಧ ಬಾಗಿಲು ಎಳೆದುಕೊಂಡು ಚಿಪ್‌ಗೆ ಕ್ಲಿಪ್ ಕಚ್ಚಿಸಿದೆ. ಒಳಗಿನ ಚಿತ್ರವನ್ನು ಹೊರಗೆ ತೆಗೆದು ನೋಡಿದರೆ, ಅಷ್ಟು ಸಣ್ಣ ಚಿತ್ರಕ್ಕೆ ಇರಬಾರದಷ್ಟು ಭಾರ. ಚಿತ್ರ ಮುಗಿದ ಮೇಲೂ ಒಳಗೆ ಬೇರೇನೋ ಇತ್ತು. ಆ ಪುಕ್ಕಟೆ ಕಟ್ಟಿನ ಬನಶಂಕರಿಯನ್ನು ತೆರೆದೆ. ಅದರಲ್ಲೂ ಅದೇ. ಹೊಸ್ತಿಲಲ್ಲಿ ಕಳ್ಳನನ್ನು ಕೂರಿಸಿ, ಒಳಗಿನ ಕೋಣೆಗಳನ್ನು ಎಷ್ಟು ಸಲ ಗುಡಿಸಿದರೇನು? ಪ್ರತಿ ಸಲ ಚಾಲೂ ಆದಾಗಲೂ ಅದು ವಿಂಡೋಸ್‌ಗಿಂತ ಮೊದಲು ಎದ್ದು, ಮೇಲ್‌ಗೆ ಕೈ ಹಾಕಿ ಸಿಕ್ಕಿದ್ದನ್ನು ಸಿಕ್ಕವರಿಗೆ ಕಳಿಸುವ ಕಳ್ಳ ಪ್ರೋಗ್ರಾಂ ಒಂದನ್ನು ಮತ್ತೆ ಒಳಗೆ ಬಿಡುತ್ತಿತ್ತು. ಅಕ್ಕೋರು ಏನೂ ಒತ್ತಿರಲಿಲ್ಲ. ಅಷ್ಟೊಂದು ನಾಚಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ಇದಾದಮೇಲೆ ಓಡಿ ಹೋಗಿ ಅವರ ಕಾಲು ಹಿಡಿದೆ ಎಂದು ಬರೆಯಲು ಬಂದಿದ್ದರೆ ಚೆನ್ನಾಗಿತ್ತು. ನಾನು ಮಾಡಿದ್ದು ಬೇರೆ. 'ಉಚಿತ ಸರ್ವಿಸ್' ಎಂದು ಗಿರಾಕಿಗಳಿಗೆಲ್ಲ ಫೋನ್ ಹಚ್ಚಿ ಲ್ಯಾಪ್‌ಟಾಪ್ ತರಿಸಿಕೊಂಡೆ. ಒಂದೊಂದಾಗಿ ದೇವರನ್ನು ತೆಗೆದು, ಅಪ್‌ಡೇಟ್ ಹಾಕಿ ಕೊಟ್ಟೆ. ಯಾಕೆ ತೆಗೆದಿರಿ ಎಂದು ಕೇಳಿದವರಿಗೆ "ಕಂಪನ್ಯಾವ್ರ ಹೊಸ ರೂಲ್ಸ್ ರಿ" ಎಂದೆ. ಎಲ್ಲರೂ ನಂಬಿದರು. ಅಕ್ಕೋರಿಗೆ ಮಾತ್ರ ಫೋನ್ ಮಾಡಲಿಲ್ಲ. ಮಳೆಗಾಲ ಬಂತು, ಹೋಯಿತು. ದೀಪಾವಳಿಯೂ ಹೋಯಿತು. ಅಂಗಡಿಯ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವ ನನ್ನ ಹೆಂಡತಿಗೆ ಎಲ್ಲ ಗೊತ್ತಿತ್ತು. ಒಂದು ದಿನ ರೊಟ್ಟಿ ಬಡಿಯುತ್ತಾ ಕೇಳಿದಳು.

"ಎಲ್ಲಾರ್ದೂ ತಗದ್ರಿ. ಅಕ್ಕೋರ್ದು?"

"ಅವರು ಈಗ ಲ್ಯಾಪ್‌ಟಾಪ್ ಮುಟ್ಟೂದಿಲ್ಲಂತ."

"ಯಾಕ ಮುಟ್ಟೂದಿಲ್ಲ? ಮಂದಿ ಮುಂದ ಬೈಯಾಕ ಬಾಯಿ ಇತ್ತಲ್ರಿ ನಿಮಗ. ಖರೆ ಹೇಳಾಕ ಏನಾಗೇತಿ ಅದಕ್ಕ?"

ತಾಟು ಸರಿಸಿ ಎದ್ದೆ. ಅವಳ ಮೇಲೆ ಸಿಟ್ಟು ಬಂದಿತ್ತು. ಸಿಟ್ಟು ಬಂದದ್ದು ಅವಳು ಹೇಳಿದ್ದು ಖರೆ ಅಂತಲೇ.

ಸಂಕ್ರಾಂತಿ ಕಳೆದ ಮೇಲೆ ಹೋದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಒಂದು ಡಬ್ಬಿ ಕರದಂಟು ಕೊಂಡೆ. ಒಬ್ಬರ ಹೆಸರು ಕೆಡಿಸಿ ಕರದಂಟು ಒಯ್ಯುವ ಮೂರ್ಖ ನನ್ನನ್ನು ಬಿಟ್ಟರೆ ಇನ್ನೊಬ್ಬನಿರಲಾರ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ವರಾಂಡದಲ್ಲಿ ಒಬ್ಬರನ್ನೇ ಕರೆದು ಮೆಲ್ಲಗೆ ಹೇಳುವುದು, ಕಣ್ಣೀರು ಬಂದರೆ ಬರಲಿ, ಅವರು ಬೈದು ಆಮೇಲೆ ಕ್ಷಮಿಸುವುದು. ಇದು ನಾನು ಮಾಡಿಕೊಂಡ ಲೆಕ್ಕ.

ಶಾಲೆ ಸಿಕ್ಕಿತು. ಅಕ್ಕೋರು ಆರನೆಯ ತರಗತಿಯಲ್ಲಿ ಭಿನ್ನರಾಶಿ ಕಲಿಸುತ್ತಿದ್ದರು. ಸೊರಗಿದ್ದರು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮುಖ ಅರಳಿತು.

"ಬಾ ತಮ್ಮಾ, ಬಾ! ನೋಡ್ರೆವಾ, ನಾ ದಿನಾ ಹೇಳ್ತೇನಲ್ಲ, ಗೊತ್ತಿಲ್ಲದ್ದನ್ನ ಒತ್ತಿ ನಿಮ್ಮ ಅಕ್ಕೋರು ಕೆಟ್ಟಳು ಅಂತ? ಆವಾಗ ನನ್ನ ನೌಕರಿ ಉಳಿಸಿದಾವ ಇವನ. ನನ್ನ ಕೈಯಾಗ ಕಲತಾವ."

ಹುಡುಗಿಯರೆಲ್ಲ ಎದ್ದು ನಿಂತು ನನಗೆ ನಮಸ್ಕಾರ ಹೇಳಿದರು. ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. "ಅಕ್ಕೋರ, ಸ್ವಲ್ಪ ಹೊರಗ ಬರ್ರಿ" ಎಂದೆ.

ವರಾಂಡದಲ್ಲಿ ಹೇಳಿದೆ. ಪುಕ್ಕಟೆ ಸಿಕ್ಕ ಚಿತ್ರ, ಬಂದ್ ಮಾಡಿಟ್ಟ ಅಪ್‌ಡೇಟ್, ಓದಿಯೂ ಓದದಂತಿದ್ದ ಎಚ್ಚರಿಕೆ, ಬರೆದುಕೊಟ್ಟ ಚೀಟಿ. ಜೋಡಿಸಿಕೊಂಡದ್ದೆಲ್ಲ ಬಿದ್ದುಹೋಗಿ ಹಿಂದುಮುಂದಾಗಿ ಹೇಳಿದೆ. ಅಕ್ಕೋರು ಕಂಬಕ್ಕೆ ಕೈ ಕೊಟ್ಟು ನಿಂತು ಕೇಳಿದರು.

"ನಿನಗ ಯಾವಾಗ ಗೊತ್ತಾತು?"

"ಮಳಿಗಾಲಕ್ಕಿಂತ ಮೊದಲ್ರಿ."

"ಈಗ ಬಂದಿ."

ಅಕ್ಕೋರು ಕಂಬದಿಂದ ಕೈ ತೆಗೆದರು.

"ದಿನಾ ಮಲಗೂ ಮುಂದ ವಿಚಾರ ಮಾಡೇನೋ. ಅವತ್ತ ಏನ್ ಒತ್ತಿದೆ, ಯಾವ ಗುಂಡಿ, ಯಾವಾಗ ಒತ್ತಿದೆ ಅಂತ. ನೆನಪ ಆಗ್ಲಿಲ್ಲ. ನನ್ನ ತಲಿನ ಕೆಟ್ಟೈತಿ ಅಂತ ತಿಳಕೊಂಡೆ. ಹುನಗುಂದಕ್ಕ ಒಂದ್ ಮದಿವಿಗೆ ಸೈತ ಹೋಗಿಲ್ಲ ನಾ."

ಕರದಂಟಿನ ಡಬ್ಬಿ ನನ್ನ ಕೈಯಲ್ಲೇ ಇತ್ತು. "ನಾಳೆನ ಬಾಗಲಕೋಟಿಗೆ ಹೋಗಿ ಖರೆ ಏನೈತಿ ಎಲ್ಲಾ ಬರದ ಕೊಡ್ತೇನ್ರಿ ಅಕ್ಕೋರ" ಎಂದೆ.

"ಬರದ ಕೊಡು. ಅದು ನಾಳಿಂದಾತು. ಈಗ ಒಳಗ ಬಾ."

"ಒಳಗ್ಯಾಕ್ರಿ?"

"ಈ ಹುಡುಗ್ಯಾರ ಮುಂದ ನನ್ನ ಹೆಸರು ನಾನ ಕೆಡಿಸಿಕೊಂಡೇನಿ. ನೀ ಬಂದು ಹೇಳು."

ಕರಿಹಲಗೆಯ ಮುಂದೆ ನಿಲ್ಲಿಸಿದರು. ಮೂವತ್ತು ಜೊತೆ ಕಣ್ಣು ನನ್ನ ಮೇಲೆ. "ಲ್ಯಾಪ್‌ಟಾಪ್‌ನ್ಯಾಗ ಒಂದು ಚಿಪ್ ಇರತೈತಿ, ಅದರಾಗ ಬಯಾಸ್ ಅಂತ ಒಂದು ಪ್ರೋಗ್ರಾಂ..." ಎಂದು ಶುರು ಮಾಡಿದೆ. ಅಕ್ಕೋರು ತಡೆದರು.

"ಅದೆಲ್ಲಾ ಬ್ಯಾಡ. ತಪ್ಪು ಯಾರು ಮಾಡಿದ್ರು, ಅಷ್ಟ ಹೇಳು."

"ನಾ ಮಾಡಿದ್ನಿ" ಅಂದೆ. "ನಾ ಮಾಡಿ ಅಕ್ಕೋರ ಮ್ಯಾಲ ಹಾಕಿದ್ನಿ. ಸುಳ್ಳು ಬರದ ಕೊಟ್ಟಿದ್ನಿ."

ಹುಡುಗಿಯರು ನನ್ನನ್ನು ಬಿಟ್ಟು ಅಕ್ಕೋರನ್ನು ನೋಡಿದರು. ಅಕ್ಕೋರು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು.

"ಕೇಳಿದ್ರಿಲ್ಲ?" ಅಂದರು. "ನನ್ನ ತಪ್ಪಲ್ಲಂತ."

ಅಷ್ಟು ಹೇಳಿ ಕುರ್ಚಿಯ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು, ಮಕ್ಕಳೆದುರೇ ದೊಡ್ಡ ದನಿ ತೆಗೆದು ಅತ್ತರು. ಹುಡುಗಿಯರೆಲ್ಲ ಎದ್ದು ಅವರನ್ನು ಸುತ್ತುವರಿದು ನಿಂತರು. ನಾನು ಹತ್ತಿರ ಹೋಗಲಿಲ್ಲ, ಹೊರಗೆ ಹೋಗು ಎಂದೂ ಯಾರೂ ಹೇಳಲಿಲ್ಲ.